ಸಂಬಳದ ದಿನವೇ ಪಿಗ್ಮಿ: ಖರ್ಚಿನ ಕೈಗೆ ಉಳಿತಾಯದ ಪಾಠ

ಫಾಲೋಫೀಲ್ಡ್ (ಮ್ಯಾಂಚೆಸ್ಟರ್): ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕಿರುವ ಫಾಲೋಫೀಲ್ಡ್ ಎಂದರೆ ಮೊದಲು ನೆನಪಾಗುವುದು ವಿದ್ಯಾರ್ಥಿಗಳು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಹಾಸ್ಟೆಲುಗಳ ದೊಡ್ಡ ಸಮೂಹ ಇಲ್ಲಿದೆ. ಸುತ್ತಲಿನ ಕೆಂಪು ಇಟ್ಟಿಗೆಯ ಸಾಲುಮನೆಗಳಲ್ಲಿ ನಾಲ್ಕೈದು ಜನ ಸೇರಿ ಬಾಡಿಗೆಗಿರುತ್ತಾರೆ. ವಿಲ್ಮ್‌ಸ್ಲೋ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಪ್ಲಾಟ್ ಫೀಲ್ಡ್ಸ್ ಪಾರ್ಕ್, ಅದನ್ನು ದಾಟಿದರೆ ರಶೋಮ್‌ನ ‘ಕರಿ ಮೈಲ್’, ಇನ್ನೂ ಮುಂದೆ ಆಕ್ಸ್‌ಫರ್ಡ್ ರಸ್ತೆಯ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯ. ಓದು ಮುಗಿಸಿ ಕೆಲಸ ಹಿಡಿದವರಲ್ಲೂ ಕೆಲವರು ಪರಿಚಯದ ಜಾಗ ಬಿಡಲಾರದೆ ಇಲ್ಲೇ ಉಳಿಯುತ್ತಾರೆ.

ಮೊದಲ ಕೆಲಸ, ಮೊದಲ ಪೂರ್ತಿ ಸಂಬಳ, ಹೇಳುವವರು ಕೇಳುವವರು ಯಾರೂ ಇಲ್ಲದ ಮೊದಲ ಮನೆ. ಕೈ ಸಡಿಲವಾಗಲು ಇಷ್ಟು ಸಾಕು. ತಿಂಗಳ ಕೊನೆಯ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳುತ್ತಾರೆ, ‘ಅಷ್ಟು ಸಂಬಳ ಬರುತ್ತಲ್ಲಪ್ಪಾ, ಎಲ್ಲಿ ಹೋಗತ್ತೆ?’ ಮಗ ಹೇಳುತ್ತಾನೆ, ‘ಇಲ್ಲಿ ಖರ್ಚೂ ಹಾಗೇ ಇರತ್ತಮ್ಮ.’ ಇಬ್ಬರ ಮಾತೂ ನಿಜವೇ. ಆದರೆ ಈ ಎರಡು ಮಾತಿನ ನಡುವೆ ಲೆಕ್ಕವೊಂದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಅದನ್ನು ಒಮ್ಮೆ ಬಿಡಿಸಿ ನೋಡುವುದು ಇಲ್ಲಿರುವವರಿಗೂ ಊರಿನಲ್ಲಿರುವವರಿಗೂ ಒಳ್ಳೆಯದು.

ಮೂವತ್ತು ಸಾವಿರದ ಲೆಕ್ಕ

ವರ್ಷಕ್ಕೆ 30,000 ಪೌಂಡ್ ಸಂಬಳದ ಕೆಲಸ ಎಂದಿಟ್ಟುಕೊಳ್ಳೋಣ. ಪೌಂಡಿಗೆ ನೂರು ರೂಪಾಯಿ ಎಂದು ಕಡಿಮೆಯಲ್ಲೇ ಹಿಡಿದರೂ ಊರಿನಲ್ಲಿ ಅದು 30 ಲಕ್ಷ. ನೆಂಟರಿಷ್ಟರ ಬಾಯಲ್ಲಿ ಓಡಾಡುವುದು ಈ ಅಂಕಿಯೇ.

ಇಲ್ಲಿನ ಲೆಕ್ಕ ಬೇರೆ. ಮೊದಲ 12,570 ಪೌಂಡ್‌ಗೆ ಆದಾಯ ತೆರಿಗೆ ಇಲ್ಲ. ಮಿಕ್ಕ 17,430 ಪೌಂಡ್‌ಗೆ ಶೇ 20ರಂತೆ 3,486 ಪೌಂಡ್ ತೆರಿಗೆ. ಅದರ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಶೇ 8, ಅಂದರೆ 1,394 ಪೌಂಡ್. ಎರಡೂ ಕಳೆದರೆ ತಿಂಗಳಿಗೆ ಸುಮಾರು 2,093 ಪೌಂಡ್. ಪಿಂಚಣಿಗೆ ಹಿಡಿಯುವುದನ್ನೂ ಕಳೆದರೆ ಕೈಗೆ ಬರುವುದು 2,014.

ಇನ್ನು ಖರ್ಚು. ಕೋಣೆ ಬಾಡಿಗೆ, ವಿದ್ಯುತ್, ಗ್ಯಾಸ್, ನೀರು, ಕೌನ್ಸಿಲ್ ತೆರಿಗೆಯ ಪಾಲು ಎಲ್ಲ ಸೇರಿ 800 ಎನ್ನೋಣ. ದಿನಸಿಗೆ 220, ಫೋನಿಗೆ 15. ಗ್ರೇಟರ್ ಮ್ಯಾಂಚೆಸ್ಟರ್‌ನ ಹಳದಿ ಬಸ್ಸುಗಳಲ್ಲಿ ಒಂದು ಪ್ರಯಾಣಕ್ಕೆ 2 ಪೌಂಡ್. ವಾರದಲ್ಲಿ ಐದು ದಿನ ಹೋಗಿ ಬಂದರೆ 20, ತಿಂಗಳಿಗೆ 80. ಊರಿನ ಶಿಕ್ಷಣ ಸಾಲದ ಕಂತು 350. ಒಟ್ಟು 1,465 ಪೌಂಡ್. ಉಳಿದದ್ದು 549.

ಮೂವತ್ತು ಲಕ್ಷದ ಮಾತು ಕಡೆಗೆ ಬಂದು ನಿಲ್ಲುವುದು ಈ 549 ಪೌಂಡ್‌ಗೆ. ಬಟ್ಟೆ, ತಿರುಗಾಟ, ಹೊರಗಿನ ಊಟ, ಗೆಳೆಯರ ಹುಟ್ಟುಹಬ್ಬ, ಊರಿಗೆ ಬರುವಾಗ ಎಲ್ಲರಿಗೂ ತರುವ ಉಡುಗೊರೆ, ಎಲ್ಲವೂ ಇದರೊಳಗೇ ಆಗಬೇಕು. ಉಳಿತಾಯವೂ ಇದರಿಂದಲೇ ಹುಟ್ಟಬೇಕು. ಮಧ್ಯಾಹ್ನದ ಊಟಕ್ಕೆ ದಿನಾ 4 ಪೌಂಡ್ ಕೊಟ್ಟರೆ ಕೆಲಸದ ಇಪ್ಪತ್ತು ದಿನಕ್ಕೆ 80. ವಾರಕ್ಕೆರಡು ಸಲ ಮನೆಗೆ ತರಿಸುವ ಊಟಕ್ಕೆ 15ರಂತೆ ತಿಂಗಳಿಗೆ 120. ಈ ಎರಡೇ ಬಾಬತ್ತಿಗೆ 200 ಪೌಂಡ್ ಹೋಯಿತು. ಇಷ್ಟರಲ್ಲಿ ದುಂದು ಎಂದು ಬೆರಳು ತೋರಿಸುವಂಥದ್ದು ಒಂದೂ ನಡೆದಿಲ್ಲ ಎಂಬುದನ್ನು ಗಮನಿಸಿ.

ಕೈ ಯಾಕೆ ನಿಲ್ಲುವುದಿಲ್ಲ?

ಹೊಸದಾಗಿ ಬಂದವರು ಮೊದಲ ಕೆಲವು ತಿಂಗಳು ಪ್ರತಿ ಪೌಂಡನ್ನೂ ರೂಪಾಯಿಗೆ ಗುಣಿಸಿ ನೋಡುತ್ತಾರೆ. ಒಂದು ಕಾಫಿಗೆ ಮುನ್ನೂರೈವತ್ತು ರೂಪಾಯಿಯೇ ಎಂದು ಹಿಂದೆ ಸರಿಯುತ್ತಾರೆ. ಹಾಗೆ ಗುಣಿಸುತ್ತಲೇ ಬದುಕಲು ಸಾಧ್ಯವಿಲ್ಲ, ಒಂದು ದಿನ ಆ ಅಭ್ಯಾಸ ನಿಲ್ಲುತ್ತದೆ. ಗುಣಿಸುವುದು ನಿಂತ ಮೇಲೆ ಅದರ ಜಾಗಕ್ಕೆ ಬೇರೆ ಲೆಕ್ಕ ಬರಬೇಕಿತ್ತು, ಬರುವುದಿಲ್ಲ. ಖರ್ಚು ಜಾರುವುದು ಈ ಸಂದಿಯಲ್ಲಿ.

ನೋಟು ಎಣಿಸಿ ಕೊಡುವ ಪದ್ಧತಿ ಇಲ್ಲಿ ಬಹುಮಟ್ಟಿಗೆ ಹೋಗಿದೆ. ಪಿನ್ ಒತ್ತದೆ ಕಾರ್ಡ್ ತೋರಿಸಿ ಹಣ ಕೊಡುವ ಮಿತಿ 2021ರ ಅಕ್ಟೋಬರ್‌ನಲ್ಲಿ 45ರಿಂದ 100 ಪೌಂಡ್‌ಗೆ ಏರಿತು. ಫೋನಿನಿಂದ ಕೊಡುವುದಾದರೆ ಇನ್ನೂ ಸಲೀಸು. ‘ಈಗ ಕೊಳ್ಳಿ, ಆಮೇಲೆ ಮೂರು ಕಂತಲ್ಲಿ ಕೊಡಿ’ ಎನ್ನುವ ಗುಂಡಿ ಪ್ರತಿ ಆನ್‌ಲೈನ್ ಅಂಗಡಿಯಲ್ಲೂ ಕಾಯುತ್ತಿರುತ್ತದೆ. ಒಂದು ಜಾಕೆಟ್‌ನ ಕಂತು ಭಾರವಲ್ಲ. ಜಾಕೆಟ್, ಶೂ, ಹೆಡ್‌ಫೋನ್ ಮೂರರ ಕಂತೂ ಒಂದೇ ವಾರ ಬಂದಾಗ ಗೊತ್ತಾಗುತ್ತದೆ. ಖಾತೆಯಲ್ಲಿ ಹಣ ಮುಗಿದರೂ ಓವರ್‌ಡ್ರಾಫ್ಟ್ ಇರುತ್ತದೆ. ಅದರ ವಾರ್ಷಿಕ ಬಡ್ಡಿ ಅನೇಕ ದೊಡ್ಡ ಬ್ಯಾಂಕುಗಳಲ್ಲಿ ಶೇ 40ರ ಆಸುಪಾಸು.

ಚಳಿಗಾಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ಗೆ ನಾಲ್ಕು ಗಂಟೆಗೆಲ್ಲ ಕತ್ತಲು. ಕೆಲಸ ಮುಗಿಸಿ ಬಂದು ಕೋಣೆಯಲ್ಲಿ ಒಬ್ಬರೇ ಕೂತಾಗ ಬೇಸರ ಕಳೆಯಲು ಫೋನ್ ಹಿಡಿಯುತ್ತಾರೆ, ಫೋನಿನಲ್ಲಿ ಅಂಗಡಿ ಇದೆ. ಇದನ್ನು ಬರೀ ಶಿಸ್ತಿಲ್ಲದ ಬದುಕು ಎಂದು ಬೈದರೆ ಪ್ರಯೋಜನವಿಲ್ಲ.

ಉಳಿಸಲೇಬೇಕು, ಯಾಕೆಂದರೆ...

ಊರಿನಲ್ಲಿ ಕೆಲಸ ಹೋದರೆ ಅಪ್ಪನ ಮನೆ ಇದೆ, ಅಣ್ಣನ ಸಹಾಯ ಇದೆ. ಇಲ್ಲಿ ಕೆಲಸದ ವೀಸಾದ ಮೇಲಿರುವವರಿಗೆ ಪಾಸ್‌ಪೋರ್ಟಿನಷ್ಟೇ ಮುಖ್ಯವಾದ ಒಂದು ಷರತ್ತಿದೆ: ಸರ್ಕಾರದ ನೆರವಿನ ಹಣ ಪಡೆಯುವಂತಿಲ್ಲ. ಬ್ರಿಟನ್ನಿನ ಪ್ರಜೆಗೆ ಕೆಲಸ ಹೋದರೆ ಸಿಗುವ ‘ಯೂನಿವರ್ಸಲ್ ಕ್ರೆಡಿಟ್’ ಇವರಿಗೆ ಸಿಗದು. ವೀಸಾಕ್ಕೆ ಪ್ರಾಯೋಜಕತ್ವ ಕೊಟ್ಟ ಕಂಪನಿ ಅದನ್ನು ಹಿಂತೆಗೆದುಕೊಂಡರೆ ಹೊಸ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಆ ಅರವತ್ತು ದಿನ ಬಾಡಿಗೆ ನಿಲ್ಲುವುದಿಲ್ಲ, ಊರಿನ ಕಂತೂ ನಿಲ್ಲುವುದಿಲ್ಲ.

ವೀಸಾ ನವೀಕರಣದ ಖರ್ಚು ಬೇರೆ. ಆರೋಗ್ಯ ಸೇವೆಯ ಮೇಲ್ತೆರಿಗೆಯೇ 2024ರ ಫೆಬ್ರುವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಅಷ್ಟೂ ವರ್ಷದ್ದನ್ನು ಮುಂಗಡವಾಗಿ ಕಟ್ಟಬೇಕು. ಮೂರು ವರ್ಷದ ವೀಸಾಕ್ಕೆ 3,105 ಪೌಂಡ್. ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಇದರಿಂದ ವಿನಾಯಿತಿ ಇದೆ, ಉಳಿದವರಿಗೆ ಇಲ್ಲ. ಇದು ದಿಢೀರನೆ ಬಂದೆರಗುವ ಖರ್ಚಲ್ಲ, ದಿನಾಂಕ ಮೊದಲೇ ಗೊತ್ತು. ಹಾಗಿದ್ದೂ ಅದಕ್ಕಾಗಿ ಕ್ರೆಡಿಟ್ ಕಾರ್ಡ್ ಉಜ್ಜುವ ಪರಿಸ್ಥಿತಿ ಬರಬಾರದು.

ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಎರಡು ತಿಂಗಳ ಅಗತ್ಯ ಖರ್ಚು 2,930 ಪೌಂಡ್. ತಿಂಗಳಿಗೆ 200 ಎತ್ತಿಟ್ಟರೆ ಹದಿನೈದು ತಿಂಗಳಿಗೆ ಅಷ್ಟಾಗುತ್ತದೆ. ಅದರ ಮೇಲೆ ತುರ್ತಾಗಿ ಬೆಂಗಳೂರಿಗೆ ಹೊರಡಬೇಕಾದರೆ ಬೇಕಾಗುವ ಟಿಕೆಟ್‌ನ ಹಣ. ಮೊದಲ ಗುರಿ ಇಷ್ಟೇ ಇರಲಿ. ಸೈಟು, ಚಿನ್ನ, ಷೇರು ಎಲ್ಲ ಆಮೇಲಿನ ಮಾತು.

ಉಡುಪಿಯ ಎರಡಾಣೆ, ರಾಚ್‌ಡೇಲ್‌ನ ಒಂದು ಪೌಂಡ್

ಕೈಯಲ್ಲಿ ಕಾಸು ನಿಲ್ಲದವರಿಗೆ ಉಳಿತಾಯ ಕಲಿಸಿದ ಒಂದು ದೊಡ್ಡ ಪ್ರಯೋಗ ನಮ್ಮ ಕರಾವಳಿಯಲ್ಲೇ ನಡೆದಿದೆ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಪಿಗ್ಮಿ ಕಟ್ಟುವುದು’ ಎಂಬ ಮಾತು ಮಾತ್ರ ಕನ್ನಡದಲ್ಲಿ ಉಳಿದುಕೊಂಡಿತು.

ಪಿಗ್ಮಿಯ ಗುಟ್ಟು ಬಡ್ಡಿಯಲ್ಲಿರಲಿಲ್ಲ. ಹಣ ಖರ್ಚಾಗುವ ಮೊದಲೇ ಅದನ್ನು ಪಡೆಯಲು ಒಬ್ಬ ಬರುತ್ತಿದ್ದ ಎಂಬುದರಲ್ಲಿತ್ತು. ಉಳಿಸೋಣವೇ ಬೇಡವೇ ಎಂದು ದಿನಾ ಯೋಚಿಸುವ ಕೆಲಸವೇ ಇರಲಿಲ್ಲ. ನಮ್ಮ ಅಜ್ಜಿಯಂದಿರು ಮನೆಖರ್ಚಿಗೆ ಕೊಟ್ಟ ಹಣದಲ್ಲಿ ಮೊದಲ ನೋಟನ್ನು ಸಾಸಿವೆ ಡಬ್ಬಿಗೆ ಸೇರಿಸುತ್ತಿದ್ದುದೂ ಇದೇ ಲೆಕ್ಕ.

ಫಾಲೋಫೀಲ್ಡ್‌ನಿಂದ ಉತ್ತರಕ್ಕೆ, ಟ್ರ್ಯಾಮ್‌ನಲ್ಲೇ ಹೋಗಿಬರಬಹುದಾದ ರಾಚ್‌ಡೇಲ್‌ನಲ್ಲಿ ಇಂಥದ್ದೇ ಇನ್ನೊಂದು ಕತೆಯಿದೆ. ಅಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ ಕೆಲವು ಪೆನ್ನಿಗಳ ವಾರದ ಕಂತಿನಲ್ಲಿ ಹಣ ಕೂಡಿಸಿದರು. ತಲಾ ಒಂದು ಪೌಂಡಿನಂತೆ 28 ಪೌಂಡ್ ಬಂಡವಾಳ. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆಯ ಸಣ್ಣ ಅಂಗಡಿ ತೆರೆದರು. ಆ ಅಂಗಡಿಗೆ ಎರಡು ನಿಯಮಗಳಿದ್ದವು. ಒಂದು, ಸಾಲದ ವ್ಯಾಪಾರವಿಲ್ಲ, ರೊಕ್ಕ ಕೊಟ್ಟೇ ಕೊಳ್ಳಬೇಕು. ಎರಡು, ಬಂದ ಲಾಭವನ್ನು ಸದಸ್ಯರು ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕಂತೆ ಹಂಚಬೇಕು. ಆ ಪಾಲನ್ನು ತೆಗೆದುಕೊಳ್ಳದೆ ಸಂಘದಲ್ಲೇ ಬಿಟ್ಟರೆ ಅದಕ್ಕೆ ಬಡ್ಡಿಯೂ ಸಿಗುತ್ತಿತ್ತು. ದಿನಸಿ ಕೊಳ್ಳುತ್ತಲೇ ಉಳಿತಾಯ ಬೆಳೆಯಿತು. ಆ ಅಂಗಡಿಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘಕ್ಕೂ ಈ ಅಂಗಡಿಗೂ ಒಂದೇ ವಂಶ.

ಮ್ಯಾಂಚೆಸ್ಟರ್ ಗಿರಣಿಗಳ ಬಟ್ಟೆ ನಮ್ಮ ಕೈಮಗ್ಗಗಳಿಗೆ ಹೊಡೆತ ಕೊಟ್ಟಿತು. ಅದೇ ಗಿರಣಿಗಳ ಸೀಮೆಯ ನೇಕಾರರೂ, ಉಡುಪಿಯ ನೇಕಾರರೂ ಬಡತನಕ್ಕೆ ಕಂಡುಕೊಂಡ ಮದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಸಣ್ಣ ಮೊತ್ತ, ನಿಗದಿತ ದಿನ, ಸಾಲಕ್ಕೆ ಬಾಗಿಲು ಬಂದ್.

ಇಂದಿನ ಪಿಗ್ಮಿ ಏಜೆಂಟ್

ಇಲ್ಲಿ ಮನೆ ಬಾಗಿಲಿಗೆ ಏಜೆಂಟ್ ಬರುವುದಿಲ್ಲ. ಅವನ ಕೆಲಸವನ್ನು ಬ್ಯಾಂಕಿನ ‘ಸ್ಟ್ಯಾಂಡಿಂಗ್ ಆರ್ಡರ್’ ಮಾಡುತ್ತದೆ. ಸಂಬಳ ಬಂದ ಮರುದಿನ ಇಷ್ಟು ಹಣ ಇನ್ನೊಂದು ಖಾತೆಗೆ ಹೋಗಲಿ ಎಂದು ಒಮ್ಮೆ ಬರೆದುಕೊಟ್ಟರೆ ಮುಗಿಯಿತು. ಆ ಇನ್ನೊಂದು ಖಾತೆ ಬೇರೆ ಬ್ಯಾಂಕಿನಲ್ಲಿರಲಿ, ಅದರ ಕಾರ್ಡ್ ಬೇಡ, ಆ್ಯಪ್ ಫೋನಿನ ಮೊದಲ ಪುಟದಲ್ಲೂ ಬೇಡ. ನಮ್ಮ ಆರ್‌ಡಿಯನ್ನು ಹೋಲುವ ‘ರೆಗ್ಯುಲರ್ ಸೇವರ್’ ಖಾತೆಗಳು ಹಲವು ಬ್ಯಾಂಕುಗಳಲ್ಲಿವೆ. ತಿಂಗಳಿಗೆ ಇಂತಿಷ್ಟೇ ಹಾಕಬಹುದೆಂಬ ಮಿತಿ ಇರುತ್ತದೆ, ಬಡ್ಡಿ ಸಾಮಾನ್ಯ ಖಾತೆಗಿಂತ ಹೆಚ್ಚು. ಐಎಸ್‌ಎ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ. ಶೇ 20ರ ತೆರಿಗೆ ಕಟ್ಟುವವರಿಗೆ ಬೇರೆ ಖಾತೆಗಳಲ್ಲೂ ವರ್ಷಕ್ಕೆ 1,000 ಪೌಂಡ್‌ವರೆಗಿನ ಬಡ್ಡಿಗೆ ತೆರಿಗೆ ಬೀಳುವುದಿಲ್ಲ.

200 ಪೌಂಡ್ ಮೊದಲೇ ಎತ್ತಿಟ್ಟರೆ 549ರಲ್ಲಿ ಉಳಿಯುವುದು 349, ವಾರಕ್ಕೆ ಸುಮಾರು 80. ತಿಂಗಳ ಹಣವನ್ನು ಒಟ್ಟಿಗೆ ಕೈಗೆ ಕೊಟ್ಟುಕೊಳ್ಳುವ ಬದಲು ಪ್ರತಿ ಸೋಮವಾರ 80 ಪೌಂಡ್ ಖರ್ಚಿನ ಖಾತೆಗೆ ಬರುವಂತೆ ಮಾಡಿಕೊಂಡರೆ ಖರ್ಚಿನ ಕೈಗೆ ಒಳ್ಳೆಯ ಲಗಾಮು. ತಪ್ಪಿದರೂ ಒಂದು ವಾರ ತಪ್ಪುತ್ತದೆ, ಇಡೀ ತಿಂಗಳಲ್ಲ. ಆ ಎಂಬತ್ತನ್ನು ಯಾವುದಕ್ಕೆ ಖರ್ಚು ಮಾಡಿದೆ ಎಂದು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಪೂರ್ತಿ ಉಪವಾಸ ಹಾಕಿದವರು ಹತ್ತು ದಿನಕ್ಕೆ ಹಬ್ಬದೂಟ ಮಾಡಿಬಿಡುತ್ತಾರೆ.

200 ಕಷ್ಟವೆನಿಸಿದರೆ 50ರಿಂದ ಶುರುವಾಗಲಿ. ಮುಂದಿನ ಸಂಬಳ ಏರಿಕೆಯ ಅರ್ಧವನ್ನು ಉಳಿತಾಯಕ್ಕೆ ಈಗಲೇ ಬರೆದಿಡಬಹುದು. ಈ ಉಪಾಯವನ್ನು ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯ ನೌಕರರಲ್ಲಿ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತ್ತು. ಕೈಗೆ ಬಂದ ಹಣ ಬಿಡುವುದು ಕಷ್ಟ, ಇನ್ನೂ ಬರದ ಹಣ ಬಿಡುವುದು ಸುಲಭ.

ಇಲ್ಲಿಗೇ ವಿಶೇಷವಾದ ಇನ್ನೊಂದು ದಾರಿ ಇದೆ. ಕೌನ್ಸಿಲ್ ತೆರಿಗೆಯನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಹತ್ತು ಕಂತಿನಲ್ಲಿ ಕಟ್ಟುತ್ತಾರೆ, ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಕಂತಿಲ್ಲ. ಆ ಎರಡು ತಿಂಗಳ ಮೊತ್ತವನ್ನು ಹಾಗೇ ಉಳಿತಾಯದ ಖಾತೆಗೆ ತಿರುಗಿಸಬಹುದು. ಓದು ಮುಗಿಸಿದವರಿಗೆ ಒಂದು ಎಚ್ಚರಿಕೆಯೂ ಬೇಕು. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಈ ತೆರಿಗೆ ಇಲ್ಲ. ಕೋರ್ಸ್ ಮುಗಿದು ಕೆಲಸಕ್ಕೆ ಸೇರಿದವರು ಒಬ್ಬರಿದ್ದರೂ ಬಿಲ್ ಬರುತ್ತದೆ, ಶೇ 25ರ ರಿಯಾಯಿತಿಯೊಂದಿಗೆ. ಇದನ್ನು ಮರೆತರೆ ಹಲವು ತಿಂಗಳ ಬಾಕಿ ಒಟ್ಟಿಗೆ ಬಂದೀತು.

ಪಿಂಚಣಿ ಬಿಡುವ ಮುನ್ನ

‘ಹೇಗೂ ಊರಿಗೆ ವಾಪಸ್ ಹೋಗುತ್ತೇವೆ, ಇಲ್ಲಿನ ಪಿಂಚಣಿ ಯಾಕೆ?’ ಎಂದು ಕಂಪನಿಯ ಪಿಂಚಣಿಯಿಂದ ಹೊರಬರುವವರಿದ್ದಾರೆ. ಲೆಕ್ಕ ನೋಡಿ ನಿರ್ಧರಿಸಬೇಕು. 22 ವರ್ಷ ದಾಟಿ, ವರ್ಷಕ್ಕೆ 10,000 ಪೌಂಡ್‌ಗಿಂತ ಹೆಚ್ಚು ದುಡಿಯುವವರನ್ನು ಕಂಪನಿ ತಾನಾಗಿ ಪಿಂಚಣಿಗೆ ಸೇರಿಸಬೇಕೆಂಬುದು ಇಲ್ಲಿನ ಕಾನೂನು. ಕನಿಷ್ಠ ದರದಲ್ಲಿ, 30,000 ಸಂಬಳದವರ ಕೈಯಿಂದ ತಿಂಗಳಿಗೆ ಹೋಗುವುದು ಸುಮಾರು 79 ಪೌಂಡ್. ಅದಕ್ಕೆ ತೆರಿಗೆ ವಿನಾಯಿತಿ ಮತ್ತು ಕಂಪನಿಯ ಪಾಲು ಸೇರಿ ಪಿಂಚಣಿ ಖಾತೆಗೆ ಬೀಳುವುದು 158 ಪೌಂಡ್. ಹಾಕಿದ ದಿನವೇ ಇಮ್ಮಡಿಯಾಗುವ ಉಳಿತಾಯ ಬೇರೆಲ್ಲೂ ಇಲ್ಲ. ಆದರೆ ಈ ಹಣ 55 ವರ್ಷದವರೆಗೆ ಕೈಗೆ ಸಿಗದು, 2028ರ ಏಪ್ರಿಲ್‌ನಿಂದ ಅದು 57 ಆಗುತ್ತದೆ. ದೇಶ ಬಿಟ್ಟರೂ ಹಣ ಅವರ ಹೆಸರಲ್ಲೇ ಇರುತ್ತದೆ. ಕಣ್ಣಿಗೆ ಬೀಳದೆ, ಕೈಗೆ ಸಿಗದೆ ಬೆಳೆಯುವ ಹಣ ಖರ್ಚಿನ ಕೈಯವರಿಗೆ ಅನುಕೂಲವೇ.

ಸಾಲವಿದ್ದರೆ ಮೊದಲು ಸಾಲ

ಶೇ 40ರ ಓವರ್‌ಡ್ರಾಫ್ಟ್ ಇಟ್ಟುಕೊಂಡು ಶೇ 4 ಬಡ್ಡಿಗೆ ಹಣ ಕೂಡಿಸುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಒಂದು ಸಣ್ಣ ಆಪತ್ಕಾಲದ ಮೊತ್ತ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಹೆಚ್ಚು ಬಡ್ಡಿಯ ಸಾಲಕ್ಕೆ ಕಟ್ಟಬೇಕು. ಸಂಬಳ ಬರುವವರೆಗೆ ಕೊಡುವ ‘ಪೇಡೇ’ ಸಾಲಕ್ಕೆ 2015ರಿಂದ ದಿನಕ್ಕೆ ಶೇ 0.8ರ ಮಿತಿ ಇದೆ. ಮಿತಿ ಇದ್ದರೂ ತಿಂಗಳಿಗೆ ಅದು ಶೇ 24. ಅದಕ್ಕಿಂತ ಸ್ಥಳೀಯ ಕ್ರೆಡಿಟ್ ಯೂನಿಯನ್ ಮೇಲು. ಅಲ್ಲಿ ಬಡ್ಡಿ ತಿಂಗಳಿಗೆ ಶೇ 3 ದಾಟುವಂತಿಲ್ಲ, ಸಾಲದ ಕಂತಿನ ಜೊತೆ ಸ್ವಲ್ಪ ಉಳಿತಾಯವನ್ನೂ ಮಾಡಿಸುವ ಪದ್ಧತಿ ಹಲವು ಕಡೆ ಇದೆ. ಸಾಲ ಕೈಮೀರಿದೆ ಅನ್ನಿಸಿದರೆ ಸ್ಟೆಪ್‌ಚೇಂಜ್, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳು ಪುಕ್ಕಟೆ ಸಲಹೆ ಕೊಡುತ್ತವೆ. ಹಣ ಪಡೆದು ಸಾಲ ತೀರಿಸಿಕೊಡುತ್ತೇವೆನ್ನುವವರ ಬಳಿ ಹೋಗಬೇಕಿಲ್ಲ.

ಗೆಳೆಯರ ನಡುವಿನ ಚೀಟಿಯ ಬಗ್ಗೆಯೂ ಒಂದು ಮಾತು. ಇಲ್ಲಿನ ದಕ್ಷಿಣ ಏಷ್ಯಾದ ಕುಟುಂಬಗಳಲ್ಲಿ ‘ಕಮಿಟಿ’ ಹೆಸರಿನಲ್ಲಿ ಅದು ಹಳೆಯ ಪದ್ಧತಿ. ಹತ್ತು ಜನರ ಮುಂದೆ ಮಾನ ಕಾಯ್ದುಕೊಳ್ಳಲು ಕಂತು ತಪ್ಪಿಸದೆ ಕಟ್ಟುತ್ತಾರೆ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಊರಿನ ನೋಂದಾಯಿತ ಚೀಟಿಗೆ 1982ರ ಕಾಯ್ದೆಯ ಕಟ್ಟುಪಾಡಿದೆ, ಇಲ್ಲಿ ಗೆಳೆಯರೊಳಗಿನ ಚೀಟಿಗೆ ನಂಬಿಕೆಯೊಂದೇ ಆಧಾರ. ಮೊದಲ ಚೀಟಿ ಎತ್ತಿದವರ ವೀಸಾ ಮುಗಿದು ಹೊರಟರೆ ಉಳಿದವರು ಕೈ ಕೈ ಹಿಸುಕಿಕೊಳ್ಳಬೇಕಾದೀತು.

ಊರಿನಲ್ಲಿರುವವರಿಗೆ

ಮಗ, ಮಗಳು ಉಳಿಸಬೇಕೆಂದರೆ ಮನೆಯವರ ಸಹಕಾರವೂ ಬೇಕು. ಪ್ರತಿ ತಿಂಗಳು ಬೇರೆ ಬೇರೆ ಮೊತ್ತ ಕೇಳುವುದಕ್ಕಿಂತ ಒಂದು ಮೊತ್ತ, ಒಂದು ದಿನಾಂಕ ನಿಗದಿ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ‘ಮೂವತ್ತು ಲಕ್ಷ’ದ ಮಾತನ್ನು ಮದುವೆ ಮನೆಗಳಲ್ಲಿ ಆಡದಿದ್ದರೆ ಸಾಲ ಕೇಳುವವರ ಸಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಊರಿಗೆ ಬರುವಾಗ ಎಲ್ಲರಿಗೂ ಏನಾದರೂ ತರಲೇಬೇಕೆಂಬ ಒತ್ತಡವನ್ನು ಕಡಿಮೆ ಮಾಡಬೇಕಾದವರು ಹಿರಿಯರೇ. ‘ನೀನು ಬಂದರೆ ಸಾಕಪ್ಪಾ’ ಎಂದು ಅಪ್ಪ ಒಂದು ಮಾತು ಹೇಳಿದರೆ ಎಷ್ಟೋ ಸೂಟ್‌ಕೇಸ್ ಹಗುರಾಗುತ್ತವೆ.

ಹಣ ಎಲ್ಲಿ ಇಡಬೇಕೆಂಬುದನ್ನೂ ಕೂತು ಮಾತಾಡಬೇಕು. ವಿದೇಶದಲ್ಲಿ ನೆಲೆಸಿದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಿಕೊಳ್ಳಬೇಕು. ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ; ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ ಮಾತ್ರ ಅದು ವಿದೇಶಿ ಆದಾಯವಾಗಿ ತೆರಿಗೆಗೆ ಒಳಪಡಬಹುದು. 2025ರ ಏಪ್ರಿಲ್ 6ರಿಂದ ಬಂದಿರುವ ಹೊಸ ನಿಯಮದಲ್ಲಿ, ಹತ್ತು ವರ್ಷ ಬ್ರಿಟನ್ನಿನ ಹೊರಗಿದ್ದು ಬಂದವರು ಮೊದಲ ನಾಲ್ಕು ವರ್ಷ ವಿನಾಯಿತಿ ಕೇಳಿಕೊಳ್ಳಬಹುದು. ಅನಿವಾಸಿಗಳು ಹೊಸ ಪಿಪಿಎಫ್ ಖಾತೆ ತೆರೆಯುವಂತಿಲ್ಲ, ಮೊದಲೇ ಇದ್ದುದನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು, ಕಳಿಸಿದ ಹಣವೆಲ್ಲ ಊರಿನಲ್ಲೇ ಗೋಡೆಯಾಗಿ, ಚಿನ್ನವಾಗಿ ಕೂತುಬಿಟ್ಟರೆ ಇಲ್ಲಿ ಕೆಲಸ ಹೋದ ದಿನ ಅದು ಬಾಡಿಗೆ ಕಟ್ಟುವುದಿಲ್ಲ. ಮೊದಲ ಎರಡು ತಿಂಗಳ ಖರ್ಚಿನಷ್ಟು ಹಣ ಪೌಂಡ್‌ನಲ್ಲಿ, ಇಲ್ಲಿನ ಬ್ಯಾಂಕಿನಲ್ಲಿ ಇರಬೇಕು. ಅಷ್ಟಾಗುವವರೆಗೆ ಮನೆಯ ಮೇಲಿನ ಅಂತಸ್ತು ಕಾಯಲಿ. ಮುಂದಿನ ಸಲ ಫೋನ್ ಮಾಡಿದಾಗ ‘ಸಂಬಳ ಎಲ್ಲಿ ಹೋಯಿತು’ ಎನ್ನುವ ಬದಲು ‘ಈ ತಿಂಗಳ ಪಿಗ್ಮಿ ಕಟ್ಟಿದೆಯಾ?’ ಎಂದು ಕೇಳಿ ನೋಡಿ. ಮೊತ್ತ ಎಷ್ಟೆಂದು ಕೇಳಬೇಡಿ. ಕಟ್ಟಿದ್ದರೆ ಸಾಕು.